ಹಸಿರು ಬಟ್ಟೆ ಮುಚ್ಚದ ಪಾದ

“ಬ್ಯಾಡ ಕಣಣ್ಣ. ಸೊಂಟ ತೋರ್ಸೋ ಹಂಗಿದ್ರೆ ಆವತ್ತೇ ತೋರ್ಸ್ತಿದ್ದೆ. ಈ ವಯಸ್ಸಿನಾಗೆ ನನ್ನ ಮಾನ ಯಾಕೆ ತೆಗೀತೀರಿ?”

ಕೊಲ್ಲಾಪುರಮ್ಮನ ದನಿ ಒಳಕೋಣೆಯಿಂದ ಬಂತು. ನಾನು ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಬಿಳಿಚೋಡು ಅನ್ನುವ ಆ ಹಳ್ಳಿಯ ಮಧ್ಯಾಹ್ನದ ಬಿಸಿಲಿಗೆ ಅಂಜಿ ಕೋಣೆಯ ಕಿಟಕಿ ಮುಚ್ಚಿದ್ದರು. ಒಳಗೆ ಕತ್ತಲೆ.

“ನಾನು ಒಳಗೆ ಬರಲ್ಲ ತಂಗಿ. ಈ ಹುಡುಗಿ ನೋಡ್ತಾಳೆ. ಹೆಣ್ಣುಮಗಳು.”

“ಆಕೆ ನೋಡಿ ನಿನಗೆ ಬಂದು ಹೇಳ್ತಾಳಲ್ಲ. ಎರಡೂ ಒಂದೇ ಆಯ್ತು.”

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ‘ಆವತ್ತೇ ತೋರ್ಸ್ತಿದ್ದೆ’ ಅಂದ ಮಾತು ಕಿವಿಯಲ್ಲಿ ಸಣ್ಣ ಮುಳ್ಳಿನಂತೆ ಕೂತಿತು. ಹಾಗಾದರೆ ಆವತ್ತು ತೋರಿಸಿರಲಿಲ್ಲವೇ?

ಪಕ್ಕದಲ್ಲಿದ್ದ ಸಂಘಮಿತ್ರಾ ನನ್ನ ಮುಖ ನೋಡಿದಳು. ಐದು ತಿಂಗಳ ಹಿಂದೆ ಚನ್ನಗಿರಿಯ ನಮ್ಮ ಮೂಳೆ ಆಸ್ಪತ್ರೆಯಲ್ಲಿ ನಾಲ್ಕು ಜನಕ್ಕೆ ಬೆನ್ನುಮೂಳೆ ಕೂಡಿಸುವ ಆಪರೇಷನ್ ಆಗಿ, ಮೂವರದು ಕೂಡಿ, ಕೊಲ್ಲಾಪುರಮ್ಮನದು ಮಾತ್ರ ಕೂಡದೆ ಹೋಗಿತ್ತು. ಅದರ ತಪ್ಪು ಲ್ಯಾಬಿನಲ್ಲಿ ಕೆಲಸ ಮಾಡುವ ಈ ಹುಡುಗಿಯ ತಲೆಗೆ ಬಂದಿತ್ತು.

“ಅಮ್ಮಾ, ಸೋಮವಾರ ನನ್ನ ವಿಚಾರಣೆ ಐತೆ,” ಅಂದಳು ಬಾಗಿಲ ಕಡೆ ತಿರುಗಿ. “ಡಾಕ್ಟರು ಮೂರು ಜನ ಕೂತ್ಕೊಂಡು ಕೇಳ್ತಾರೆ. ನಿಮ್ಮ ಬೆನ್ನು ಹಾಳಾಗಿದ್ದು ನನ್ನಿಂದ ಅಂತ ಬರೆದುಬಿಟ್ರೆ ಇನ್ನು ಯಾವ ಆಸ್ಪತ್ರೇಲೂ ನನ್ನ ಸೇರ್ಸಲ್ಲ. ಎರಡೇ ನಿಮಿಷ. ಮೊಬೈಲ್ ಬೆಳಕಲ್ಲಿ ನೋಡ್ತೀನಿ.”

ಒಳಗೆ ಮಂಚ ಕಿರುಗುಟ್ಟಿತು.

“ನೀನು ಸಾಸ್ವೆಹಳ್ಳಿ ಕೊಟ್ರೇಶಪ್ಪನ ಮಗಳಂತಲ್ಲ?”

“ಹೂಂ ಅಮ್ಮಾ.”

“ಬಾ. ಬಾಗಿಲು ಮುಂದಕ್ಕೆ ಹಾಕು. ಆ ಅಣ್ಣಂಗೆ ಅತ್ಲಾಗೆ ತಿರುಗ್ಕೋ ಅನ್ನು.”

ನಾನು ಮೊದಲೇ ತಿರುಗಿದ್ದೆ.

ಈ ಆಪರೇಷನ್ ಏನು ಅನ್ನುವುದನ್ನು ಪುಸ್ತಕ ಓದಿ ತಿಳಿದವನಲ್ಲ ನಾನು. ರೋಗಿಗಳನ್ನು ಎತ್ತಿ, ಹೊರಳಿಸಿ, ಮಲಗಿಸಿ ತಿಳಿದದ್ದು. ಜಾರಿದ ಎರಡು ಬೆನ್ನುಮಣಿಗಳ ನಡುವೆ ಮೂಳೆಚೂರು ತುಂಬಿ, ಸ್ಕ್ರೂ ಹಾಕಿ, ರಾಡು ಬಿಗಿಯುತ್ತಾರೆ. ಸ್ಕ್ರೂ ಹಿಡಿಯುವುದು ಸ್ವಲ್ಪ ಕಾಲ. ಅಷ್ಟರಲ್ಲಿ ಅಲ್ಲಿ ಹೊಸ ಮೂಳೆ ಬೆಳೆದು ಎರಡು ಮಣಿ ಒಂದಾಗಬೇಕು. ವಯಸ್ಸಾದವರಲ್ಲಿ ಅದು ಬೆಳೆಯುವುದು ನಿಧಾನ, ಕೆಲವರಲ್ಲಿ ಬೆಳೆಯುವುದೇ ಇಲ್ಲ.

ಅದಕ್ಕೇ ಡಾಕ್ಟರ್ ವಿರೂಪಾಕ್ಷಪ್ಪನವರು ಹೊಸ ಪ್ರಯೋಗಕ್ಕೆ ಕೈ ಹಾಕಿದ್ದರು. ಆಪರೇಷನ್ನಿಗೆ ಒಂದು ತಿಂಗಳು ಮುಂಚೆ ರೋಗಿಯ ಸೊಂಟದ ಮೂಳೆಗೆ ದಪ್ಪ ಸೂಜಿ ಇಳಿಸಿ ಕೆಂಪು ಮಜ್ಜೆ ಎಳೆಯುವುದು. ಅದನ್ನು ದೂರದ ದೊಡ್ಡ ಲ್ಯಾಬಿಗೆ ಕಳಿಸಿ, ಅದರೊಳಗಿನ ಮೂಳೆ ಕಟ್ಟುವ ಕಣಗಳನ್ನು ಬೆಳೆಸಿ, ತಣ್ಣನೆಯ ಪೆಟ್ಟಿಗೆಯಲ್ಲಿ ವಾಪಸ್ ತರಿಸುವುದು. ಆಪರೇಷನ್ ದಿನ ಮೂಳೆಚೂರಿನ ಜೊತೆ ಕಲಸಿ ಬೆನ್ನೊಳಗೆ ಇಡುವುದು. ಅವರವರ ಮಜ್ಜೆ ಅವರವರಿಗೇ. ಅದು ಡಾಕ್ಟರ ಕಟ್ಟುನಿಟ್ಟು.

ಪೆಟ್ಟಿಗೆ ಬಂದಾಗ ತೆಗೆದುಕೊಂಡು, ಕಣ ಜೀವಂತ ಇವೆಯೇ ಎಂದು ನೋಡುವುದು ಸಂಘಮಿತ್ರಾಳ ಕೆಲಸ. ಕೊಲ್ಲಾಪುರಮ್ಮನ ಪೆಟ್ಟಿಗೆಯನ್ನು ಹೊರಗೆ ಬಿಟ್ಟು ಕಣ ಸಾಯಿಸಿದ್ದಾಳೆ ಎಂದು ಈಗಿನ ದೂರು.

“ಸತ್ತಿರಲಿಲ್ಲ ಅಜ್ಜ,” ಎಂದು ಅವಳು ಬುಧವಾರ ನಮ್ಮನೆಗೆ ಬಂದು ಅತ್ತಿದ್ದಳು. “ನಾಲ್ಕು ಪೆಟ್ಟಿಗೇಲಿ ಅವರದೇ ಚೆನ್ನಾಗಿತ್ತು. ಅರವತ್ತೆರಡು ವರ್ಷದೋರ ಮಜ್ಜೆ ಅಷ್ಟು ಹುರುಪಾಗಿ ಬೆಳೆದಿದ್ದು ನೋಡಿ ನಾನೇ ಖುಷಿಪಟ್ಟಿದ್ದೆ. ನಿನಗೆ ಎಲ್ಲಾ ನೆನಪಿರ್ತೈತೆ. ಮಜ್ಜೆ ತೆಗೆದ ದಿನ ನೀನಿದ್ದೆ. ಏನಾದ್ರೂ ಹುಡುಕು.”

ಮೂವತ್ತೊಂದು ವರ್ಷ ಆ ಆಸ್ಪತ್ರೆಯಲ್ಲಿ ಅಟೆಂಡರಾಗಿದ್ದೆ. ಈಗಲೂ ಕೆಲಸ ಹೆಚ್ಚಿದ್ದ ದಿನ ಕರೆಸುತ್ತಾರೆ. ಯಾರ ಎಡಗಾಲು ಮುರಿದಿತ್ತು, ಯಾರ ಮಾವ ಗೇಟಿನ ಹತ್ತಿರ ಜಗಳ ತೆಗೆದಿದ್ದ, ಎಲ್ಲ ನೆನಪಿರುತ್ತದೆ. ಚಿಕ್ಕಹನುಮಂತಪ್ಪನ ತಲೆ ಅಂದರೆ ಆಸ್ಪತ್ರೆಯ ಎರಡನೇ ಬೀರು ಎಂದು ಡಾಕ್ಟರೇ ಹೇಳುತ್ತಿದ್ದರು. ಆ ಮಾತು ಕೇಳಿ ಹಿಗ್ಗುತ್ತಿದ್ದೆ. ಈಗ ಹೇಳುವಾಗ ಕಿವಿ ಬಿಸಿಯಾಗುತ್ತದೆ.

ಸೂಜಿ ಇಳಿಸಿದ ಕಡೆ ಗೋಧಿ ಕಾಳಿನಷ್ಟು ಕಪ್ಪು ಕಲೆ ಉಳಿಯುತ್ತದೆ. ಯಾರದೋ ಮಜ್ಜೆ ಯಾರಿಗೋ ಹೋಗಿರಬಹುದೇ ಎಂದು ನಾನು ಹುಡುಕಿದ್ದು ಅದನ್ನೇ. ಉಳಿದ ಮೂವರು ರೋಗಿಗಳಲ್ಲಿ ಉಬ್ರಾಣಿಯ ಬೆನಕಪ್ಪ ಹೋಟೆಲಿನಲ್ಲೇ ಅಂಗಿ ಎತ್ತಿ, “ಇನ್ನೊಂಚೂರು ಕೆಳಗೈತೆ, ನೋಡ್ರಿ, ನೋಡ್ರಿ,” ಅಂದಿದ್ದ. “ಸಾಕು ಇಳಿಸೋ ಮಾರಾಯ, ತಿಂಡಿ ತಿಂತಾ ಇದೀವಿ,” ಎಂದು ಪಕ್ಕದವರು ಗದರಿದ್ದರು. ಹೊನ್ನಾಳಿಯ ಕೆಂಚೇಶನಿಗೂ ಕಲೆ ಇತ್ತು. ನ್ಯಾಮತಿಯ ಅಂಜಿನಮ್ಮ ಬಾಗಿಲು ಹಾಕಿಕೊಂಡು ಸಂಘಮಿತ್ರಾಳಿಗೆ ತೋರಿಸಿದ್ದಳು. ಇತ್ತು.

ಉಳಿದದ್ದು ಈ ಮನೆ.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನಾನು ಗೋಡೆ ಕಡೆ ತಿರುಗಿ ಕೂತರೂ ನೆಲದ ಹತ್ತಿರದ ಸಂದಿಯಲ್ಲಿ ಮಂಚದ ತುದಿ, ಅದರ ಮೇಲೆ ಎರಡು ಪಾದ ಕಾಣುತ್ತಿದ್ದವು. ಕಣ್ಣು ತಾನಾಗಿ ಅಲ್ಲಿಗೆ ಹೋಯಿತು. ಹೆಂಗಸರ ಮುಖ ನೋಡುವ ಅಭ್ಯಾಸ ನನಗಿಲ್ಲ. ನೋವಿನಲ್ಲಿ ಮಲಗಿದವರು, ಬಟ್ಟೆ ಸರಿದಿರುತ್ತದೆ, ಕೂದಲು ಕೆದರಿರುತ್ತದೆ. ಮೊದಲನೇ ದಿನವೇ ನಿಶ್ಚಯ ಮಾಡಿದ್ದೆ, ಪಾದ ಮಾತ್ರ ನೋಡಿ ತಳ್ಳುಗಾಡಿ ತಳ್ಳಬೇಕು ಎಂದು. ನಮ್ಮ ತಾಲ್ಲೂಕಿನ ಅರ್ಧ ಹೆಂಗಸರನ್ನು ನಾನು ಪಾದದಲ್ಲೇ ಗುರುತು ಹಿಡಿಯುತ್ತೇನೆ.

ಮಂಚದ ಮೇಲಿನವು ಅಗಲ ಪಾದ. ಹಿಮ್ಮಡಿ ಸೀಳಿತ್ತು. ಹೆಬ್ಬೆರಳು ಪಕ್ಕದ ಬೆರಳಿನಿಂದ ದೂರ ಸರಿದಿತ್ತು. ಬಲಗಾಲಿನ ಮೇಲೆ ಹಳೆಯ ಸುಟ್ಟ ಗಾಯ.

ಈ ಪಾದವನ್ನು ನಾನು ಹಿಂದೆ ನೋಡಿಯೇ ಇರಲಿಲ್ಲ.

ಆಪರೇಷನ್ ವಾರ ನನಗೆ ಜ್ವರ, ಹೋಗಿರಲಿಲ್ಲ. ಆದರೆ ಮಜ್ಜೆ ತೆಗೆದ ದಿನ ನಾನೇ ಬಿಳಿಚೋಡಿನ ಹೆಂಗಸನ್ನು ಒಳಗೆ ತಳ್ಳಿಕೊಂಡು ಹೋಗಿದ್ದೆ. ಬೋರಲು ಮಲಗಿಸಿ, ಹಸಿರು ಬಟ್ಟೆ ಹೊದಿಸಿದ್ದೆ. ಸೊಂಟದ ಹತ್ತಿರ ಅಂಗೈಯಗಲದ ತೂತು ಬಿಟ್ಟರೆ ಮೈಯೆಲ್ಲ ಮುಚ್ಚಿತ್ತು. ಪಾದ ಮಾತ್ರ ಹೊರಗಿತ್ತು. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಎಳೆಯ ಪಾದ.

ಬಾಗಿಲು ತೆರೆಯಿತು. ಸಂಘಮಿತ್ರಾ ಪಿಸುಗುಟ್ಟಿದಳು.

“ಕಲೆ ಇಲ್ಲ ಅಜ್ಜ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಇವರ ಸೊಂಟಕ್ಕೆ ಸೂಜೀನೇ ಹಾಕಿಲ್ಲ.”

ಚೀಲದಿಂದ ಫೈಲಿನ ಜೆರಾಕ್ಸ್ ತೆಗೆದು ಒಂದೊಂದೇ ಹಾಳೆ ತಿರುವಿದಳು. ಒಂದು ಕಡೆ ಬೆರಳಿಟ್ಟು ಓದಿದಳು.

“‘ರೋಗಿಯ ಮುಖ, ಹೆಸರು, ಫೈಲಿನ ಫೋಟೋ ಮೂರನ್ನೂ ತಾಳೆ ನೋಡಿ ಒಳಗೆ ಕರೆತಂದವರು.’ ಕೆಳಗೆ ಸಹಿ…” ಅವಳು ನಿಂತಳು. “ಅಜ್ಜ, ಇದು ನಿನ್ನ ಸಹಿ.”

ನಾನು ಬರೆಯುವುದು ನಾಲ್ಕೇ ಅಕ್ಷರ, ಚಿ, ಹ, ಮಂ, ಪ್ಪ. ಬೇರೆ ಯಾರದೂ ಹಾಗಿರುವುದಿಲ್ಲ.

“ನೀನು ಮುಖ ನೋಡಿದ್ದೆ ಅಲ್ವಾ? ಹಂಗಾದ್ರೆ ಒಳಗೆ ಬಂದೋರು ಇವ್ರೇ ತಾನೇ? ಮತ್ತೆ ಕಲೆ ಎಲ್ಲಿ ಹೋಯ್ತು?”

ಉತ್ತರ ಬಾಯಿಗೆ ಬಂದಿತ್ತು. ನಾನು ಕೊಡಲಿಲ್ಲ. ಬಾಯಾರಿಕೆಯಾಗಿದೆ, ಸ್ವಲ್ಪ ನೀರು ಬೇಕು ಅಂದೆ.

“ಚೈತ್ರಾ, ಅಣ್ಣಂಗೆ ನೀರು ಕೊಡೇ,” ಎಂದು ಕೊಲ್ಲಾಪುರಮ್ಮ ಒಳಗಿನಿಂದಲೇ ಕೂಗಿದಳು. “ಬರೀ ನೀರು ಕೊಡಬ್ಯಾಡ, ಮಜ್ಜಿಗೆ ಕೊಡು. ನನಗಂತೂ ಯಾವುದೂ ಸೇರಲ್ಲ. ಬಂದೋರಾದ್ರೂ ಕುಡೀಲಿ.”

ಸೊಸೆ ಚೈತ್ರಶ್ರೀ ಹಿತ್ತಲಿನಿಂದ ಬಂದಳು. ಐದು ತಿಂಗಳ ಬಸುರಿ, ನಿಧಾನವಾಗಿ ಬಗ್ಗಿ ನನ್ನ ಮುಂದೆ ಚೊಂಬು ಇಟ್ಟಳು. ನಾನು ಅಭ್ಯಾಸದಂತೆ ನೆಲ ನೋಡುತ್ತಿದ್ದೆ.

ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು.

ಒಂದು ಗುಟುಕು ಕುಡಿದು ಚೊಂಬನ್ನು ಕೆಳಗಿಟ್ಟೆ. ಸಂಘಮಿತ್ರಾ ಇನ್ನೂ ಹಾಳೆ ತಿರುವುತ್ತಿದ್ದಳು. “ಅಮ್ಮನ ಸೊಂಟದ ಬೆಲ್ಟು ಸಡಿಲ ಆಗೈತೆ, ಕಟ್ಟಿ ಬಾ ತಾಯಿ,” ಎಂದು ಅವಳನ್ನು ಒಳಗೆ ಕಳಿಸಿದೆ. ಬೆಲ್ಟು ಸಡಿಲವಾಗಿದ್ದು ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಅವಳ ಕಣ್ಣೆದುರು ಇದನ್ನು ಕೇಳುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಹಿತ್ತಲಿನಲ್ಲಿ ಮುಳ್ಳುಬೇಲಿಯ ಕುರಿ ರೊಪ್ಪ. ದೊಡ್ಡ ಕುರಿಗಳನ್ನು ಮೇಯಿಸಲು ಅವಳ ಗಂಡ ಪ್ರದೀಪ್ ಹೊಡೆದುಕೊಂಡು ಹೋಗಿದ್ದ. ನಾಲ್ಕು ಮರಿಗಳು ಮಾತ್ರ ಉಳಿದಿದ್ದವು. ಚೈತ್ರಶ್ರೀ ಅವುಗಳಿಗೆ ಸೊಪ್ಪು ಕಟ್ಟುತ್ತಿದ್ದಳು.

“ಚೈತ್ರಮ್ಮಾ.”

“ಏನಜ್ಜ? ಇನ್ನೊಂದ್ ಲೋಟ ತರ್ಲಾ?”

“ಸೂಜಿ ಹಾಕಿದ ದಿನ ತುಂಬಾ ನೋವಾಯ್ತೇನವ್ವ?”

ಅವಳ ಕೈಯಲ್ಲಿದ್ದ ಸೊಪ್ಪು ಕೆಳಗೆ ಬಿತ್ತು. ಮರಿಗಳು ಮುತ್ತಿದವು. ಅವಳು ಅವನ್ನು ಬಿಡಿಸುವ ನೆಪದಲ್ಲಿ ಬೆನ್ನು ತಿರುಗಿಸಿದಳು.

“ಯಾವ ಸೂಜಿ?”

“ಸೊಂಟಕ್ಕೆ ಹಾಕಿದ್ದು. ಹಸಿರು ಬಟ್ಟೆ ಹೊದಿಸಿದೋನು ನಾನೇ. ನಿನ್ನ ಪಾದ ನನಗೆ ಗೊತ್ತು.”

“ಪಾದ ಎಲ್ರಿಗೂ ಇರ್ತಾವೆ.”

“ಕಿರುಬೆರಳು ಹಂಗಿರಲ್ಲ.”

ಅವಳು ಎಡಪಾದವನ್ನು ಸೀರೆಯೊಳಗೆ ಎಳೆದುಕೊಂಡಳು. ಸಣ್ಣ ಮಗುವಿನ ಹಾಗೆ. ನೋಡಲಾಗಲಿಲ್ಲ ನನಗೆ.

“ಯಾಕವ್ವ ಹಿಂಗೆ ಮಾಡಿದೆ?”

“ನಾನು ಮಾಡಿದ್ನಾ?” ತಟ್ಟನೆ ತಿರುಗಿದಳು. “ಗಂಡಸರ ಮುಂದೆ ಎಚ್ಚರದಲ್ಲಿದ್ದು ಸೊಂಟ ಬಿಚ್ಚಿ ಮಲಗಲ್ಲ ಅಂತ ಅತ್ತೆ ಬೆಂಚಿನ ಮೇಲೆ ಕೂತು ಅಳ್ತಿದ್ರು. ಆಪರೇಷನ್ನಿಗಾದ್ರೆ ಮತ್ತು ಕೊಡ್ತಾರೆ, ಗೊತ್ತಾಗಲ್ಲ. ಇದಕ್ಕೆ ಆ ಜಾಗ ಮಾತ್ರ ಮರಗಟ್ಟಿಸ್ತಾರಂತೆ. ‘ಊರಿಗೆ ಹೋಗೋಣ ನಡಿ’ ಅಂದ್ರು. ಅವರಿಗೆ ಎದ್ದು ನಿಲ್ಲಾಕೂ ಆಗ್ತಿರಲಿಲ್ಲ. ಒಂದು ಕೊಡ ನೀರಿಗೆ ನಾಲ್ಕು ಸಲ ಕೂರ್ತಿದ್ರು. ವಾಪಸ್ ಕರ್ಕೊಂಡು ಬಂದು ಏನ್ ಮಾಡ್ಲಿ?”

“ನರ್ಸ್ ಅಂಬಿಕಾಗೆ ಹೇಳ್ಬೇಕಿತ್ತು.”

“ಹೇಳಾಕೆ ಯಾರಿದ್ರು? ನೀವು ಬಂದ್ರಿ. ಬಾಗಿಲಲ್ಲಿ ನಿಂತು ಆ ಕಡೆ ಮುಖ ಮಾಡಿ ಏನಂತ ಕೂಗಿದ್ರಿ, ಹೇಳಿ?”

ನನಗೆ ಗೊತ್ತಿತ್ತು. ಮೂವತ್ತೊಂದು ವರ್ಷದಿಂದ ಕೂಗುವುದು ಅದೇ. ನಾಲ್ಕು ತಾಲ್ಲೂಕಿನ ಜನ, ಹೆಸರೆಲ್ಲ ಒಂದೇ ಥರ, ಚೀಟಿ ಓದುವುದು ನನಗೆ ತಡ. ಊರು ಹಿಡಿದು ಕರೆದರೆ ಬೇಗ ಎದ್ದು ಬರುತ್ತಾರೆ.

“‘ಬಿಳಿಚೋಡಿನೋರು ಬರ್ರಿ’ ಅಂದ್ರಿ,” ಅಂದಳು ಚೈತ್ರಶ್ರೀ. “ನಾನೂ ಬಿಳಿಚೋಡಿನೋಳೇ. ಸೆರಗು ಮುಖಕ್ಕೆ ಎಳ್ಕೊಂಡು ಎದ್ದು ಬಂದೆ. ಒಳಗೆ ಆ ನರ್ಸಕ್ಕ ‘ಕೊಲ್ಲಾಪುರಮ್ಮ ಇವರೇನಾ?’ ಅಂದ್ರು. ನಾನು ಬಾಯಿ ಬಿಟ್ಟಿಲ್ಲ. ‘ಹೂಂ, ಅವ್ರೇ’ ಅಂದೋರು ನೀವು.”

ಒಂದು ಮರಿ ನನ್ನ ಪಂಚೆಯ ತುದಿ ಅಗಿಯುತ್ತಿತ್ತು. ಬಿಡಿಸಿಕೊಳ್ಳಲಿಲ್ಲ.

“ಸೂಜಿ ಹಾಕಿದ ಡಾಕ್ಟರು ಹೊಸಬರು. ಬರೀ ಆ ತೂತು ನೋಡಿದ್ರು. ನನ್ನ ಮನಸ್ಸಿನಾಗೆ ಕೆಟ್ಟದ್ದಿರಲಿಲ್ಲ ಅಜ್ಜ. ನಮ್ಮ ಮಾವಂಗೆ ರಕ್ತ ಬೇಕಾದಾಗ ಏನಂದ್ರು? ‘ಮನೆಯೋರು ಯಾರಾದ್ರೂ ಒಬ್ರು ಬದಲಿ ಕೊಡ್ರಿ’ ಅಂದ್ರು. ನಮ್ಮ ಯಜಮಾನ್ರು ಹೋಗಿ ಕೊಟ್ಟು ಬಂದ್ರು. ನಮ್ಮಕ್ಕನ ಹೆರಿಗೆಗೆ ನಮ್ಮ ಭಾವ ಕೊಟ್ಟ. ಇದೂ ಹಂಗೇ ಅಂದ್ಕೊಂಡೆ. ಲೆಕ್ಕಕ್ಕೆ ಒಬ್ರು ಕೊಟ್ರೆ ಆಯ್ತು, ನಾನು ಗಟ್ಟಿ ಇದೀನಿ, ಅತ್ತೆಗೆ ಒಳ್ಳೇದೇ ಆಗ್ತೈತೆ ಅಂತ. ಮನೆಗೆ ಬಂದು ಮೂರು ದಿನ ಕುಂಟಿದೆ. ಯಜಮಾನ್ರು ಕೇಳಿದ್ದಕ್ಕೆ ಕಾಲು ಉಳುಕೈತೆ ಅಂದೆ.”

ಸುಳ್ಳು ಅನ್ನಿಸಲಿಲ್ಲ. ಬದಲಿ ರಕ್ತ ಕೊಡಿಸಲು ನಾನೇ ಎಷ್ಟು ಮನೆಯವರನ್ನು ಕೈ ಹಿಡಿದು ಕರೆದೊಯ್ದಿಲ್ಲ! ಅದು ಬೇರೆ, ಇದು ಬೇರೆ ಎಂದು ಅವರಿಗೆ ಯಾರು ಕೂರಿಸಿ ಹೇಳಿದ್ದರು?

ಬೇರೆಯವರ ಕಣ ಇಟ್ಟರೆ ಮೂಳೆ ಕೂಡುವುದೇ ಇಲ್ಲವೋ, ಅಥವಾ ಕೂಡದಿರಲು ಬೇರೆ ಕಾರಣವಿತ್ತೋ, ಅದು ಡಾಕ್ಟರು ಹೇಳಬೇಕಾದ ಮಾತು. ಒಂದಂತೂ ತಿಳಿಯಿತು. ಆ ಹುರುಪಿನ ಕಣ ಸತ್ತಿರಲಿಲ್ಲ. ಸಂಘಮಿತ್ರಾ ನಿಜ ಹೇಳಿದ್ದಳು. ಸುಳ್ಳು ಸಹಿ ಹಾಕಿದವನು ಅವಳ ಪಕ್ಕದಲ್ಲೇ ಕೂತು, ನಾಲ್ಕು ದಿನ ಬಸ್ಸಿನಲ್ಲಿ ಓಡಾಡಿ, ಅವಳ ಕೈಯಿಂದಲೇ ಕಡಲೆಕಾಯಿ ತಿಂದು, ಕಳ್ಳನನ್ನು ಹುಡುಕುತ್ತಿದ್ದ.

ಚೈತ್ರಶ್ರೀ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದಳು:

“ಅಜ್ಜ, ಇದು ಗೊತ್ತಿರೋದು ಮೂರೇ ಜನಕ್ಕೆ. ಅತ್ತೆ ಸತ್ರೂ ಹೇಳಲ್ಲ. ನಾನೂ ಹೇಳಲ್ಲ. ನೀವೂ ಸುಮ್ನಿರಿ. ನಿಮಗೂ ಈ ವಯಸ್ಸಿನಾಗೆ ಯಾಕೆ? ಆ ಹುಡುಗಿ ಓದ್ದೋಳು, ಹೆಂಗೋ ಬೇರೆ ಕೆಲಸ ಸಿಗ್ತೈತೆ.”

ನಿಜ ಹೇಳುತ್ತೇನೆ. ಒಂದು ಗಳಿಗೆ ಹೂಂ ಅನ್ನಬೇಕು ಅನ್ನಿಸಿತು. ನಿವೃತ್ತಿ ದಿನ ಹೊದಿಸಿದ ಶಾಲು ನೆನಪಾಯಿತು. ಡಾಕ್ಟರು ಎರಡನೇ ಬೀರು ಅಂದದ್ದು ನೆನಪಾಯಿತು. ಮೂವತ್ತೊಂದು ವರ್ಷ ಹೆಂಗಸರ ಮುಖ ನೋಡದವನು ಎಂದು ಊರಲ್ಲಿ ನನಗಿದ್ದ ಹೆಸರು ನೆನಪಾಯಿತು. ಅದೇ ಹೆಸರು ಈಗ ನನ್ನ ಕೊರಳಿಗೆ ಬಂದಿತ್ತು. ಹಾಳೆಯ ಮೇಲೆ ಮುಖ ನೋಡಿದೆ ಎಂದು ಸಹಿ, ಊರಲ್ಲಿ ಮುಖ ನೋಡುವುದಿಲ್ಲ ಎಂದು ಹೆಮ್ಮೆ. ಎರಡನ್ನೂ ಇಷ್ಟು ವರ್ಷ ಒಟ್ಟಿಗೆ ಹೊತ್ತುಕೊಂಡು ತಿರುಗಿದ್ದೆ, ಭಾರ ಅನ್ನಿಸಿರಲಿಲ್ಲ.

ಇನ್ನು ಎಷ್ಟು ಜನರಿಗೆ ಹೀಗೆ ‘ಹೂಂ, ಅವ್ರೇ’ ಅಂದಿದ್ದೆನೋ.

“ಸಂಘಮಿತ್ರಾ,” ಎಂದು ಕೂಗಿದೆ.

ಕೂಗುವ ಅಗತ್ಯವಿರಲಿಲ್ಲ. ಅವಳು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಯಾವಾಗಿನಿಂದಲೋ.

“ಬೆಲ್ಟು ಬಿಗಿಯಾಗೇ ಇತ್ತು,” ಅಂದಳು.

ನಾನು ಎದ್ದು ನಿಂತೆ. ಮುಚ್ಚಿಡದೆ ಹೇಳಿದೆ. ಊರು ಹಿಡಿದು ಕೂಗಿದ್ದು, ಮುಖ ನೋಡದೆ ಸಹಿ ಹಾಕಿದ್ದು, ಈಗ ಅರ್ಧ ಗಂಟೆ ಮುಂಚೆ ಪಾದ ನೋಡಿ ತಿಳಿದರೂ ನೀರು ಕೇಳಿ ಮಾತು ತಪ್ಪಿಸಿದ್ದು. ಹೇಳುವಾಗ ನನ್ನ ಕಣ್ಣು ಅವಳ ಚಪ್ಪಲಿಯ ಮೇಲೇ ಇತ್ತು.

ಅವಳು ಬೈದಿದ್ದರೆ ಚೆನ್ನಾಗಿತ್ತು.

“ಸೋಮವಾರ 11 ಗಂಟೆಗೆ ಬಂದು ಇದನ್ನೇ ಹೇಳ್ತೀರಾ ಚಿಕ್ಕಹನುಮಂತಪ್ಪಾರೇ?”

ಅಜ್ಜ ಹೋಗಿದ್ದ. ನೀನು ಹೋಗಿ ನೀವು ಬಂದಿತ್ತು.

“ಹೇಳ್ತೀನಿ.”

“ಚೈತ್ರಕ್ಕ, ನೀವು?”

ಚೈತ್ರಶ್ರೀ ತಲೆ ಅಲ್ಲಾಡಿಸಿದಳು. “ಬ್ಯಾಡ. ನಾನು ಬರಲ್ಲ. ಅಲ್ಲಿಗೆ ಬಂದ್ರೆ ನನ್ನ ರಕ್ತ ತೆಗೀತಾರೆ.”

“ತೆಗೆದ್ರೇನು? ನಿಮ್ಮ ಮಜ್ಜೆ ಹೌದಾ ಅಲ್ವಾ ಅಂತ ತಾಳೆ ನೋಡ್ತಾರೆ, ಅಷ್ಟೇ.”

“ಅಷ್ಟೇ ಅಲ್ಲ.” ಅವಳು ಮನೆಯ ಕಡೆ ನೋಡಿದಳು. “ನನ್ನ ರಕ್ತ ಸರಿ ಇಲ್ಲ.”

ಸೊಪ್ಪಿನ ಹೊರೆಯ ಹಿಂದೆ ಒಂದು ಮಣ್ಣಿನ ಮಡಕೆ ಬೋರಲು ಹಾಕಿತ್ತು. ಅದರಡಿಯಿಂದ ಪ್ಲಾಸ್ಟಿಕ್ ಕವರು ತೆಗೆದಳು. ಒಳಗೆ ನಾಲ್ಕಾಗಿ ಮಡಚಿದ ಹಾಳೆ.

“ಎರಡು ತಿಂಗಳಾಯ್ತು. ಬಸುರಿ ಅಂತ ಜಗಳೂರಿಗೆ ಹೋದಾಗ ಪರೀಕ್ಷೆ ಮಾಡಿದ್ರು. ರಕ್ತದಾಗೆ ಕಾಮಾಲೆ ಐತಂತೆ. ಮೇಲೆ ಕಾಣಲ್ಲ, ಒಳಗೆ ಬಹಳ ವರ್ಷದಿಂದ ಇದ್ದಿರ್ಬೋದು ಅಂದ್ರು. ಮಗು ಹುಟ್ಟಿದ ತಕ್ಷಣ ಅದಕ್ಕೆ ಸೂಜಿ ಹಾಕಿಸ್ಬೇಕಂತೆ, ಹಾಕಿಸಿದ್ರೆ ಏನಾಗಲ್ಲಂತೆ. ಮನೆಯೋರನ್ನೂ ಕರ್ಕೊಂಡು ಬಾ, ಪರೀಕ್ಷೆ ಮಾಡ್ಬೇಕು ಅಂದಿದ್ರು.” ಅವಳು ಖಾಲಿ ಕವರನ್ನು ಮತ್ತೆ ಮತ್ತೆ ಮಡಚಿದಳು. “ಹೆಂಗೆ ಹೇಳ್ಲಿ? ಹೇಳಿದ್ರೆ ನನ್ನ ತಟ್ಟೆ ಬೇರೆ ಇಡ್ತಾರೆ. ಹುಟ್ಟೋ ಕೂಸನ್ನೂ ಮುಟ್ಟಲ್ಲ.”

ಸಂಘಮಿತ್ರಾ ಹಾಳೆ ಬಿಡಿಸಿ ಓದಿದಳು. ಅವಳ ಮುಖ ನಾನು ನೋಡಲಿಲ್ಲ. ಹಾಳೆ ಹಿಡಿದ ಬೆರಳು ನೋಡಿದೆ. ಉಗುರು ಬೆಳ್ಳಗಾಗಿತ್ತು.

“ಹೆಪಟೈಟಿಸ್ ಬಿ,” ಅಂದಳು ಮೆಲ್ಲಗೆ. ಮತ್ತೆ ಚೈತ್ರಶ್ರೀಯ ತೋಳು ಹಿಡಿದಳು. “ಅಕ್ಕ, ಒಟ್ಟಿಗೆ ಊಟ ಮಾಡಿದ್ರೆ ಇದು ಬರಲ್ಲ. ತಟ್ಟೆ ಬೇರೆ ಇಡೋ ಕಾಯಿಲೆ ಅಲ್ಲ ಇದು. ಅದು ಆಮೇಲೆ. ಈಗ ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಮಜ್ಜೆ ತೆಗೆಯೋಕೆ ಮುಂಚೆ ಒಂದು ಸೀಸೆ ರಕ್ತ ತಗೊಂಡ್ರಲ್ಲ, ಅದು ಯಾರದು?”

“ಅತ್ತೇದೇ. ವಾರ್ಡಿನಾಗೆ, ಬೆಳಿಗ್ಗೆ. ತೋಳಿಂದ ತಾನೇ, ಅದಕ್ಕೇನು ನಾಚಿಕೆ?”

“ನಿಮ್ಮದು ತಗೊಂಡಿಲ್ಲ?”

“ಇಲ್ಲ. ನನ್ನ ಸೊಂಟದ್ದು ಮಾತ್ರ.”

ಸಂಘಮಿತ್ರಾ ನನ್ನ ಕಡೆ ತಿರುಗಿದಳು. ಯಾವ ಅಜ್ಜನಿಗೂ ಅಲ್ಲ, ಯಾವ ಅಟೆಂಡರಿಗೂ ಅಲ್ಲ, ಗೋಡೆಗೆ ಹೇಳಿದಂತೆ ಹೇಳಿದಳು.

“ರೋಗ ಇಲ್ಲ ಅಂತ ಪರೀಕ್ಷೆ ಮಾಡಿ ಬರೆದಿದ್ದು ಅತ್ತೆ ರಕ್ತ ನೋಡಿ. ಬೆಳೆಸಿ ಬೆನ್ನೊಳಗೆ ಇಟ್ಟಿದ್ದು ಸೊಸೆ ಮಜ್ಜೆ. ಅದನ್ನ ಯಾರೂ ಪರೀಕ್ಷೆ ಮಾಡಿಲ್ಲ. ಮಾಡೋ ಅಗತ್ಯ ಐತೆ ಅಂತ ಯಾರಿಗೂ ಗೊತ್ತಿರಲಿಲ್ಲ.”

ಬಿಸಿಲು ನೆತ್ತಿಯ ಮೇಲಿತ್ತು. ನಾನು ರೊಪ್ಪದ ಗೂಟ ಹಿಡಿದು ನಿಂತೆ.

“ಅಕ್ಕ, ಅತ್ತೆ ಊಟ ಬಿಟ್ಟು ಎಷ್ಟು ದಿನ ಆಯ್ತು?”

“ಹದಿನೈದು ದಿನ ಆಗಿರ್ಬೇಕು. ಬಾಯಿ ಕಹಿ ಅಂತಾರೆ. ಓಕರಿಕೆ ಅಂತಾರೆ. ನೋವಿನ ಮಾತ್ರೆ ಜಾಸ್ತಿ ತಿಂದು ಹಂಗಾಗೈತೆ ಅಂದ್ಕೊಂಡೆ.”

“ಮುಖ ನೋಡಿದೀರಾ? ಕಣ್ಣು?”

ಚೈತ್ರಶ್ರೀ ಕೋಣೆಯ ಕಡೆ ತಿರುಗಿದಳು. “ಈ ಹಾಳೆ ಬಂದಾಗಿಂದ ಅವರ ಮುಖ ಎತ್ತಿ ನೋಡಾಕೆ ನನಗೆ ಆಗಿಲ್ಲ ಅಕ್ಕ,” ಅಂದಳು. “ಕೋಣೇನೂ ಕತ್ತಲೆ. ತಟ್ಟೆ ಇಟ್ಟು ಬರ್ತೀನಿ.”

ಸಂಘಮಿತ್ರಾ ಒಳಗೆ ಹೊರಟಳು. ನಾನು ಅಡ್ಡ ಬಂದೆ.

“ತಾಳು. ನಾನು ನೋಡ್ತೀನಿ. ಅದು ನಾನು ಮಾಡಬೇಕಾಗಿದ್ದ ಕೆಲಸ.”

ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಹೊಸ್ತಿಲು ದಾಟುವಾಗ ಕೆಮ್ಮಿ ಸದ್ದು ಮಾಡಿದೆ. ಕೊಲ್ಲಾಪುರಮ್ಮ ಗಾಬರಿಯಿಂದ ಸೆರಗು ಸರಿ ಮಾಡಿಕೊಂಡ ಸದ್ದು ಬಂತು. ಬಳೆ ಸದ್ದು. ಮಂಚದ ಸುತ್ತ ಬಳಸಿ ಗೋಡೆ ತಡಕುತ್ತಾ ಹೋಗಿ ಕಿಟಕಿಯ ಅಗುಳಿ ಎಳೆದೆ. ಕದ ಬಿಗಿದುಕೊಂಡಿತ್ತು, ಎರಡು ಸಲ ಗುದ್ದಬೇಕಾಯಿತು. ಬಿಸಿಲು ಒಮ್ಮೆಲೇ ಮಂಚದ ಮೇಲೆ ಬಿತ್ತು.

ಮೊದಲು ಆ ಸೀಳು ಪಾದ ಕಂಡವು. ಸುಟ್ಟ ಗಾಯ ಕಂಡಿತು. ಅಭ್ಯಾಸ ಅಲ್ಲೇ ನಿಲ್ಲು ಅಂದಿತು.

ನಾನು ಕಣ್ಣು ಎತ್ತಿದೆ.

“ಯಾಕಣ್ಣ ಹಂಗೆ ನೋಡ್ತೀಯ?” ಕೊಲ್ಲಾಪುರಮ್ಮ ನಾಚಿ, ಬೆಳಕಿಗೆ ರೆಪ್ಪೆ ಬಡಿಯುತ್ತಾ, ನಗಲು ನೋಡಿದಳು. “ನನ್ನ ಮುಖದಾಗೆ ಏನೈತೆ?”

ಆಕೆಯ ಕಣ್ಣಿನ ಬಿಳಿಯಲ್ಲಿ ಬಿಳಿ ಇರಲಿಲ್ಲ. ಎರಡೂ ಅರಿಸಿನ ಕದಡಿದ ನೀರಿನಂತಿದ್ದವು.